ಮಳೆಗಾಲದ ಕರಾವಳಿ ಡ್ರೈವ್: ರಸ್ತೆ ಬಂದ್ ನಡುವೆ ಒಂದು ದಿನದ ಪ್ಲ್ಯಾನ್ ಹೇಗೆ?

ಪ್ರತಿ ಜುಲೈಲೂ ಬೆಂಗಳೂರಿಂದ ನಮ್ಮನೆಗೆ ಒಂದಲ್ಲ ಒಂದು ಕಾರು ಬರತ್ತೆ, ಬಂದೋರು ಒಂದಲ್ಲ ಒಂದು ಎಡವಟ್ಟು ಮಾಡೇ ಮಾಡ್ತಾರೆ. 2024ರಲ್ಲಿ ಚಿಕ್ಕಮ್ಮನ ಮಗ ಫೋನ್ ಮಾಡಿ, 'ಶಿರೂರಲ್ಲಿ ಗುಡ್ಡ ಕುಸಿದಿದೆಯಂತೆ, ಮರವಂತೆ ಕ್ಯಾನ್ಸಲ್' ಅಂದ. ಮಾರಾಯ, ಜುಲೈ 16ಕ್ಕೆ ಗುಡ್ಡ ಕುಸಿದಿದ್ದು ಅಂಕೋಲಾ ತಾಲೂಕಿನ ಶಿರೂರಲ್ಲಿ, ಗಂಗಾವಳಿ ಹೊಳೆ ದಂಡೆ ಮೇಲೆ. ಇವನು ಮ್ಯಾಪಲ್ಲಿ ನೋಡಿದ್ದು ಬೈಂದೂರು ದಾಟಿದ ಮೇಲೆ ಟೋಲ್‌ಗೇಟ್ ಇರೋ ಶಿರೂರು. ಎರಡರ ಮಧ್ಯೆ ಹೆಚ್ಚುಕಮ್ಮಿ 90 ಕಿ.ಮೀ. ಇದೆ, ಮರವಂತೆ ಅಂತೂ ಇನ್ನೂ ಈಚೆಗೆ, ಕುಂದಾಪುರದ ಕಡೆ. ಅದೇ ತಿಂಗಳು ಇನ್ನೊಬ್ರು ಉಲ್ಟಾ, ಏನೂ ಕೇಳದೆ ಕುಮಟಾ ದಾಟಿ ಬ್ಯಾರಿಕೇಡ್ ಮುಂದೆ ಹೋಗಿ ನಿಂತು ವಾಪಸ್ ಬಂದ್ರು. ಅದಕ್ಕೇ ಇಷ್ಟುದ್ದ ಬರೀತಿರೋದು.

ಹೆಜ್ಜೆ 1: ದಾರಿ ಚಿಕ್ಕದು ಮಾಡ್ಕೊಳ್ಳಿ

ಕುಂದಾಪುರದಿಂದ ಹೊನ್ನಾವರ, ಅಷ್ಟೇ. ಸುಮಾರು 90 ಕಿ.ಮೀ. ಹೋಗೋದು, ಅಷ್ಟೇ ಬರೋದು. ಮಳೇಲಿ ಕಾರವಾರ ತನಕ ಒಂದೇ ದಿನಕ್ಕೆ ಹೋಗಿ ಬರ್ತೀವಿ ಅನ್ನೋರು ನೋಡೋದು ಸಮುದ್ರ ಅಲ್ಲ, ಮುಂದಿನ ಲಾರಿ ಹಿಂದಿನ ಬೋರ್ಡು.

ಹೆಜ್ಜೆ 2: ಹೊಳೆ ಲೆಕ್ಕ ಹಾಕಿ

ಇದನ್ನ ಯಾರೂ ಮಾಡಲ್ಲ. ರಾಷ್ಟ್ರೀಯ ಹೆದ್ದಾರಿ 66 ಘಟ್ಟಕ್ಕೂ ಸಮುದ್ರಕ್ಕೂ ಮಧ್ಯೆ ಇರೋ ಸಣ್ಣ ಪಟ್ಟಿ ಮೇಲೆ ಓಡತ್ತೆ, ಘಟ್ಟದಿಂದ ಇಳಿಯೋ ಪ್ರತಿ ಹೊಳೇನೂ ಅದನ್ನ ಕತ್ತರಿಸತ್ತೆ. ಕುಂದಾಪುರದಲ್ಲಿ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ಕುಮಟಾ ಕಡೆ ಅಘನಾಶಿನಿ, ಅಂಕೋಲಾ ಕಡೆ ಗಂಗಾವಳಿ, ಕಾರವಾರದಲ್ಲಿ ಕಾಳಿ. ಬಯಲುಸೀಮೆ ಥರ ಪಕ್ಕದ ಊರಿಂದ ಸುತ್ತಾಕ್ಕೊಂಡು ಹೋಗ್ತೀನಿ ಅಂದ್ರೆ ಆಗಲ್ಲ, ಪಕ್ಕದ ಊರು ಹೊಳೆ ಆಚೆ ಇರತ್ತೆ. ಕುಮಟಾ-ಅಂಕೋಲಾ ಮೂವತ್ತು ಚಿಲ್ಲರೆ ಕಿ.ಮೀ. ದಾರಿ, ಅದರ ಮಧ್ಯೆ ಹೆದ್ದಾರಿ ಬಂದ್ ಆದ್ರೆ ದೊಡ್ಡ ರಸ್ತೇಲೇ ಹೋಗ್ಬೇಕು ಅನ್ನೋರು ದೇವಿಮನೆ ಘಾಟಿ ಹತ್ತಿ ಶಿರಸಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲಾ, ನೂರೈವತ್ತು ಕಿ.ಮೀ.ಗೂ ಜಾಸ್ತಿ. ಅದೂ ದೇವಿಮನೆ ಘಾಟಿ ಅವತ್ತು ತೆರೆದಿದ್ರೆ.

ಆದ್ದರಿಂದ ಪ್ರತಿ ಎರಡು ಹೊಳೆ ಮಧ್ಯದ ಭಾಗವನ್ನ ಒಂದು ರೂಮು ಅಂದ್ಕೊಳ್ಳಿ. ಬಾಗಿಲು ಮುಚ್ಚಿದ್ರೆ ಆ ರೂಮಲ್ಲೇ ಸುತ್ತಾಡಿ ಬರೋ ಹಾಗೆ ಪ್ಲ್ಯಾನ್ ಇರ್ಲಿ. ಪಂಚಗಂಗಾವಳಿ ಮತ್ತು ಶರಾವತಿ ಮಧ್ಯದ ರೂಮು ದೊಡ್ಡದು, ಮರವಂತೆ, ಬೈಂದೂರು ಹತ್ರದ ಒತ್ತಿನೆಣೆ ಗುಡ್ಡ, ಮುರುಡೇಶ್ವರ ಎಲ್ಲ ಅದರೊಳಗೇ ಬರತ್ತೆ, ನಾನು ಹೊನ್ನಾವರಕ್ಕೇ ಸಾಕು ಅನ್ನೋದು ಅದಕ್ಕೆ.

ಹೆಜ್ಜೆ 3: ಆದೇಶ ಓದೋದು (ಎಲ್ಲರೂ ಬೀಳೋದು ಇಲ್ಲೇ)

ಜಿಲ್ಲಾಧಿಕಾರಿ ಆದೇಶದ ಫೋಟೋ ವಾಟ್ಸಾಪಲ್ಲಿ ಬಂದೇ ಬರತ್ತೆ. ಮೊದಲು ಮೇಲೆ ಬಲಗಡೆ ಇರೋ ದಿನಾಂಕ ನೋಡಿ, ತಮಾಷೆ ಅಲ್ಲ, ಹೋದ ವರ್ಷದ ಆದೇಶ, ಅದರ ಹಿಂದಿನ ವರ್ಷದ ವಿಡಿಯೋ ಪ್ರತಿ ಜುಲೈಲೂ ಹೊಸದಾಗಿ ಹುಟ್ಟತ್ತೆ. ಆಮೇಲೆ ಯಾವ ವಾಹನ ಅಂತ ನೋಡಿ. 'ಆಗುಂಬೆ ಘಾಟಿ ಬಂದ್' ಅಂತ ಹೆಡ್ಡಿಂಗ್ ಇದ್ರೆ ಒಳಗೆ ಎಷ್ಟೋ ಸಲ 'ಭಾರೀ ವಾಹನಗಳಿಗೆ' ಅಂತಷ್ಟೇ ಇರತ್ತೆ, ನಿಮ್ಮ ಸ್ವಿಫ್ಟು ಭಾರೀ ವಾಹನ ಅಲ್ಲ, ಆರಾಮಾಗಿ ಇಳೀಬಹುದು. 'ಲಘು ವಾಹನ ಸೇರಿ ಎಲ್ಲಾ ವಾಹನ' ಅಂತಿದ್ರೆ ಮಾತ್ರ ಬಾಗಿಲು ಹಾಕಿದ ಹಾಗೆ.

ಮೂರನೇದು ಹೊತ್ತು. 'ರಾತ್ರಿ ಸಂಚಾರ ನಿಷೇಧ' ಇದ್ರೆ ಆ ಗಂಟೆಗಳನ್ನ ಬರೆದಿಟ್ಕೊಳ್ಳಿ, ಯಾಕಂದ್ರೆ ಬೆಂಗಳೂರಿಂದ ಹೊರಡೋರು ರಾತ್ರಿ ಹನ್ನೊಂದಕ್ಕೆ ಹೊರಟು ಸರಿಯಾಗಿ ನಿಷೇಧದ ಹೊತ್ತಿಗೇ ಘಾಟಿ ಬಾಯಲ್ಲಿರ್ತಾರೆ, ಚಾರ್ಮಾಡಿ ಆಗ್ಲಿ ಶಿರಾಡಿ ಆಗ್ಲಿ, ಆಮೇಲೆ ಕಾರಲ್ಲೇ ಬೆಳಕು ಹರಿಸ್ಬೇಕು. 'ಮುಂದಿನ ಆದೇಶದವರೆಗೆ' ಅನ್ನೋದು ಇನ್ನೊಂದು ಫಜೀತಿ, ನಾಳೆನೂ ತೆಗೀಬಹುದು, ಎರಡು ತಿಂಗಳೂ ಆಗ್ಬಹುದು. ಆ ಪದ ಕಂಡ್ರೆ ಆ ರಸ್ತೆ ಪ್ಲ್ಯಾನಿಂದ ತೆಗೆದುಬಿಡಿ.

ಕೊನೇಲಿ 'ಬದಲಿ ಮಾರ್ಗ' ಅಂತ ಒಂದು ಪಟ್ಟಿ. ಎಷ್ಟೋ ಸಲ ಅದು ಲಾರಿ, ಬಸ್ಸು ಲೆಕ್ಕದಲ್ಲಿ ಬರೆದಿದ್ದು, ಕಣ್ಮುಚ್ಚಿ ಅದನ್ನೇ ಹಿಡಿದ್ರೆ ಅಷ್ಟೂ ಲಾರಿಗಳ ಬಾಲಕ್ಕೆ ನೀವು. ಯಾವ ಸಾಲು ಯಾವ ವಾಹನಕ್ಕೆ ಅಂತ ಬೆರಳಿಟ್ಟು ಓದಿ.

ಮ್ಯಾಪ್ ಆಪ್ ಬಗ್ಗೆ ಒಂದು ಮಾತು. ಅದಕ್ಕೆ ಗುಡ್ಡ ಕುಸಿದಿದ್ದು ಯಾರಾದ್ರೂ ಹೇಳಿದ್ಮೇಲೆ ಗೊತ್ತಾಗೋದು. ಟ್ರಾಫಿಕ್ಕೇ ಇಲ್ಲದ ರಸ್ತೆ ಅದಕ್ಕೆ ಖಾಲಿ ರಸ್ತೆ ಥರ ಕಾಣತ್ತೆ, ಆದ್ರೆ ಖಾಲಿ ಇರೋದು ಬಂದ್ ಆಗಿರೋದಕ್ಕೆ. ಶಾರ್ಟ್‌ಕಟ್ ಅಂತ ತೋರ್ಸೋ ನೀಲಿ ಗೆರೆ ಹಿಡಿದು ನನ್ನ ಭಾವ ಒಮ್ಮೆ ಹೋಗಿದ್ದು ಗದ್ದೆ ಬದಿ, ತೆಂಗಿನ ತೋಟ, ಯಾರ್ದೋ ಅಂಗಳ, ಆಮೇಲೆ ಹೊಳೆ. ಸೇತುವೆ ಇಲ್ಲ. ಆಚೆ ದಡದಲ್ಲಿ ಒಂದು ದೋಣಿ ಕಟ್ಟಿತ್ತು. ರಿವರ್ಸ್ ತೆಗೆಯೋಕೆ ಊರವರು ನಾಲ್ಕು ಜನ ಬೇಕಾಯ್ತು.

ಹೆಜ್ಜೆ 4: ಹೊರಡೋ ಬೆಳಗ್ಗೆ ಎರಡು ಫೋನ್

ಹಿಂದಿನ ರಾತ್ರಿ ನೋಡಿದ್ದು ಲೆಕ್ಕಕ್ಕಿಲ್ಲ, ಗುಡ್ಡ ಜಾರೋದು ರಾತ್ರಿ ಮಳೆಗೇ ಜಾಸ್ತಿ. ಒಂದು ಫೋನ್ ನೀವು ಹೋಗೋ ಊರಿನ ಬಸ್‌ಸ್ಟ್ಯಾಂಡಿಗೆ ಅಥವಾ ಗುರುತಿರೋ ಹೋಟ್ಲಿಗೆ. 'ರಸ್ತೆ ಚೆನ್ನಾಗಿದ್ಯಾ' ಅಂತ ಕೇಳ್ಬೇಡಿ, ಚೆನ್ನಾಗಿದೆ ಅಂತಲೇ ಹೇಳ್ತಾರೆ. 'ಬೆಳಗ್ಗಿಂದ ಆ ಕಡೆ ಬಸ್ಸು ಬಂತಾ' ಅಂತ ಕೇಳಿ. 'ಎಂತ ಬಸ್ಸು ಮಾರಾಯ್ರೆ, ಆರರದ್ದೇ ಬರ್ಲಿಲ್ಲ' ಅಂದ್ರೆ ಮುಗೀತು, ಬೇರೆ ಏನೂ ಕೇಳೋದು ಬೇಡ. ಇನ್ನೊಂದು 1077, ಜಿಲ್ಲೆಯ ವಿಪತ್ತು ಸಹಾಯವಾಣಿ. ಹೆದ್ದಾರೀಲಿ ಸಿಕ್ಕಾಕ್ಕೊಂಡ್ರೆ 1033.

ಫೋನ್ ಮಾಡೋಕೂ ಸೋಮಾರಿತನ ಇದ್ರೆ ನನ್ನ ಕಳ್ಳದಾರಿ: ಆ ಜಿಲ್ಲೆ ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ರೆ ಮನೇಲೇ ಬಜ್ಜಿ ಮಾಡ್ಕೊಳ್ಳಿ. ರೆಡ್ ಅಲರ್ಟು, ಆರೆಂಜ್ ಅಲರ್ಟು ಅಂತ ತಲೆ ಕೆಡಿಸ್ಕೊಳ್ಳೋದಕ್ಕಿಂತ ಇದು ಸುಲಭ.

ಹೆಜ್ಜೆ 5: ಸಾಮಾನು

ಟ್ಯಾಂಕ್ ಫುಲ್, ವೈಪರ್ ಹೊಸದು, ನೀರು, ಆಫ್‌ಲೈನ್ ಮ್ಯಾಪು. ನೂರೈವತ್ತು ರೂಪಾಯಿಗೆ ಸಿಗೋ ಗಾಜಿಗೆ ಅಂಟಿಸೋ ಮೊಬೈಲ್ ಹೋಲ್ಡರ್ ಮಾತ್ರ ತಗೋಬೇಡಿ, ಇಲ್ಲಿನ ಸೆಖೆಗೆ ಕುಂದಾಪುರ ದಾಟೋದ್ರೊಳಗೆ ಕಾಲಿನ ಹತ್ರ ಬಿದ್ದಿರತ್ತೆ, ಅದನ್ನ ಎತ್ತೋಕೆ ಬಗ್ಗೋದೇ ಅಪಾಯ. ಮಂಜು ಹಿಡಿಯದ ಸ್ಪ್ರೇ ಕೂಡ ದುಡ್ಡು ದಂಡ, ಏಸಿ ಗಾಳಿ ಗಾಜಿಗೆ ತಿರುಗ್ಸಿ.

ಹೆಜ್ಜೆ 6: ಹೋಗೋದು ಬೆಳಗ್ಗೆ, ನೋಡೋದೂ ಹೋಗುವಾಗಲೇ

ಉತ್ತರಕ್ಕೆ ಹೋಗುವಾಗ ಸಮುದ್ರ ಎಡಕ್ಕೆ, ನಾವು ಓಡ್ಸೋದೂ ಎಡಕ್ಕೆ. ಮರವಂತೇಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ಹೆದ್ದಾರಿ. ಬರುವಾಗ ನೋಡೋಣ ಅಂತ ಬಿಟ್ರೆ ನೀವು ಹೊಳೆ ಬದಿ ಇರ್ತೀರಿ, ಮಕ್ಕಳನ್ನ ಕೈ ಹಿಡಿದು ಡಿವೈಡರ್ ದಾಟಿಸ್ಬೇಕು, ಲಾರಿಗಳು ಎಂಬತ್ತರಲ್ಲಿ ಬರ್ತಿರ್ತವೆ. ಸೂರ್ಯಾಸ್ತ ಬೇಕು ಅಂತ ಹಟ ಮಾಡೋರಿಗೆ, ಜುಲೈಲಿ ಸೂರ್ಯ ಎಲ್ಲಿ ಸ್ವಾಮಿ?

ಒತ್ತಿನೆಣೇಲಿ ಗುಡ್ಡ ಕಡಿದು ರಸ್ತೆ ಅಗಲ ಮಾಡಿದ ಜಾಗ ಇದೆ, ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಶೇಡಿಮಣ್ಣು, ಅಂದ್ರೆ ಮೆತ್ತನೆ ಜೇಡಿಮಣ್ಣು. ನೀರು ಕುಡಿದ ಶೇಡಿಮಣ್ಣು ಸಾಬೂನಿನ ಥರ, ಮೊದಲೂ ಜಾರಿದ್ದಿದೆ. ಇಂಥ ಕಡಿದ ಗೋಡೆ ಕೆಳಗೆ ಫೋಟೋಗೆ ಅಂತ ಕಾರು ನಿಲ್ಸಬೇಡಿ. ಗೋಡೆಯಿಂದ ಕೆಂಪು ನೀರು ಬರ್ತಿದ್ರೆ, ಸಣ್ಣ ಕಲ್ಲು ಉದುರಿದ್ರೆ, ನಿಲ್ಲದೆ ದಾಟಿ.

ಮುರುಡೇಶ್ವರದಲ್ಲಿ 20 ಅಂತಸ್ತಿನ ಗೋಪುರ ನೋಡಿ, ನೀರಿಗೆ ಮಾತ್ರ ಇಳೀಬೇಡಿ, ಕಾವಲಿನವರು ಸೀಟಿ ಊದಿದ್ರೆ ಜಗಳ ಬೇಡ. ಊಟಕ್ಕೆ ಮೀನು ಕೇಳೋರಿಗೆ: ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ಅಂಜಲ್ ರೇಟು ಕೇಳಿ ಬೆಚ್ಚಿಬೀಳ್ಬೇಡಿ, ಹೊಳೆ ಮೀನು ಇದ್ಯಾ ಕೇಳಿ.

ಹೆಜ್ಜೆ 7: ಮೂರೂವರೆಗೆ ತಿರುಗಿ

ಹೊನ್ನಾವರದಲ್ಲಿ ಶರಾವತಿ ಸೇತುವೆ ಮೇಲಿಂದ ಕೊಂಕಣ ರೈಲ್ವೆ ಸೇತುವೆ ಕಾಣತ್ತೆ, ಎರಡು ಕಿ.ಮೀ.ಗೂ ಉದ್ದ, ರೈಲು ಬಂದ್ರೆ ಅದೃಷ್ಟ. ಅಲ್ಲಿಗೆ ಸಾಕು. ಒಂದು ಬದಿ ಮುಚ್ಚಿ ಇನ್ನೊಂದು ಬದೀಲೇ ಎರಡೂ ಕಡೆ ವಾಹನ ಬಿಟ್ಟಿರೋ ಜಾಗಗಳು ಕತ್ತಲಾದ್ಮೇಲೆ ಗೊತ್ತೇ ಆಗಲ್ಲ, ಎದುರಿನ ಹೆಡ್‌ಲೈಟು ನಿಮ್ಮ ಲೇನಲ್ಲೇ ಬರತ್ತೆ, ಒಂದು ಡ್ರಮ್ಮು, ಒಂದು ಹರಿದ ರಿಬ್ಬನ್ನು, ಅಷ್ಟೇ ಗುರುತು. ಬೆಳಕಿದ್ದಾಗಲೇ ಶಿರೂರು ಟೋಲ್ ದಾಟಿ, ಬೈಂದೂರಿನ ಶಿರೂರು. 24 ಗಂಟೆ ಒಳಗೆ ವಾಪಸ್ ಬಂದ್ರೆ ಎರಡೂ ಸೇರಿ ಒಂದೂವರೆ ಪಟ್ಟು ಟೋಲ್ ಅಷ್ಟೇ ಕಟ್ ಆಗ್ಬೇಕು, ಮನೆಗೆ ಬಂದ್ಮೇಲೆ ಫಾಸ್ಟ್ಯಾಗ್ ಮೆಸೇಜ್ ಒಂದ್ಸಲ ನೋಡ್ಕೊಳ್ಳಿ.