ಕಾಲಿಡದೇ ಓಡುವ ಹೊಲಿಗೆ ಮಷಿನ್: ಮೊದಲು ಪ್ಲಗ್ ಕೀಳಿ

ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು ಕೌದಿ ಹೊಲಿಯಲು ಕೂತಿದ್ದೀರಿ. ಸ್ವಿಚ್ ಹಾಕಿದ್ದಷ್ಟೇ, ಪೆಡಲ್ ಮೇಲೆ ಇನ್ನೂ ಕಾಲೇ ಇಟ್ಟಿಲ್ಲ, ಮಷಿನ್ ಮಾತ್ರ ಟರ್ರ್ ಅಂತ ಓಡತೊಡಗುತ್ತದೆ. ಕಳೆದ ಆಷಾಢದ ಮಳೆಯಲ್ಲಿ ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಹೀಗೇ ಆಯಿತು. ಗಾಬರಿಯಾದ ಅತ್ತಿಗೆ ಚಕ್ರವನ್ನೇ ಕೈಯಲ್ಲಿ ಹಿಡಿದು ನಿಲ್ಲಿಸಲು ಹೋದರು. ಆ ಕೆಲಸ ಮಾತ್ರ ಮಾಡಬೇಡಿ. ಬೆರಳು ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ, ಅದೂ ಅಲ್ಲದೆ ಕರೆಂಟ್ ಹರಿಯುತ್ತಿರುವಾಗ ಅಲುಗದಂತೆ ಹಿಡಿದರೆ ಮೋಟರ್ ಕಾದು ಸುಟ್ಟೇ ಹೋಗಬಹುದು. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಆಮೇಲೆ ಉಳಿದ ಮಾತು.

ಈಗ ಮೇಜಿನ ಕೆಳಗೆ ಬಗ್ಗಿ ನೋಡಿ. ನಗಬೇಡಿ, ಅರ್ಧ ಹೊಲಿದ ಕೌದಿಗೆ ಒಳ್ಳೇ ಭಾರ ಇರುತ್ತದೆ, ಅದು ಜಾರಿ ಪೆಡಲ್ ಮೇಲೆ ಬಿದ್ದರೆ ನಿಮ್ಮ ಕಾಲಿನ ಕೆಲಸವನ್ನು ಅದೇ ಮಾಡುತ್ತದೆ. ಪಕ್ಕಕ್ಕೆ ಒಂದು ಸ್ಟೂಲ್ ಇಟ್ಟು ಬಟ್ಟೆಯನ್ನು ಅದರ ಮೇಲೆ ಹೊರಿಸಿದರೆ ಅಲ್ಲಿಗೆ ಮುಗಿಯಿತು.

ಅದಲ್ಲ ಅಂದರೆ ಪೆಡಲನ್ನು ಕೈಗೆತ್ತಿಕೊಂಡು ಒತ್ತಿ ಬಿಡಿ. ಬಿಟ್ಟ ತಕ್ಷಣ ಪುಟಿದು ಮೇಲೆ ಬರಬೇಕು. ನಿಧಾನವಾಗಿ ಬಂದರೆ, ಅಥವಾ ಅರ್ಧಕ್ಕೇ ನಿಂತರೆ, ಒಳಗೆ ದಾರದ ತುಂಡೋ ಹತ್ತಿಯೋ ಸತ್ತ ಜಿರಳೆಯೋ ಸಿಕ್ಕಿರುತ್ತದೆ, ಇಲ್ಲವೇ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ನೆಲದ ಮೇಲೇ ಬಿಟ್ಟ ಪೆಡಲಿಗೆ ತುಕ್ಕು ಹಿಡಿಯದಿದ್ದರೆ ಅದೇ ಆಶ್ಚರ್ಯ, ಅಲ್ವಾ? ಒಣ ಬ್ರಷ್‌ನಲ್ಲಿ ಸಂದಿಗಳನ್ನು ಚೊಕ್ಕ ಮಾಡಿ. ಮಷಿನಿಗೆ ಬಿಡುವ ಎಣ್ಣೆಯನ್ನು ಪೆಡಲಿನೊಳಗೆ ಬಿಡಬೇಡಿ.

ಆದರೂ ಓಡುತ್ತಿದ್ದರೆ ತಪ್ಪು ಪೆಡಲಿನದೋ ಮಷಿನಿನದೋ ಅಂತ ಬೇರ್ಪಡಿಸಬೇಕು. ಸೂಜಿ ತೆಗೆಯಿರಿ, ಬಟ್ಟೆ ಎಳೆದುಬಿಡಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸ್ಸರ್ ಫೂಟ್ ಮೇಲೆತ್ತಿ. ಪೆಡಲಿನ ವೈರನ್ನು ಮಷಿನಿನಿಂದ ಬಿಚ್ಚಿ, ಆಮೇಲೆ ಸ್ವಿಚ್ ಹಾಕಿ. ಮಷಿನ್ ಸುಮ್ಮನಿದ್ದರೆ ಪೆಡಲಿನ ಮೇಲೇ ಅನುಮಾನ. ಪೆಡಲ್ ಇಲ್ಲದೆಯೂ ಓಡಿದರೆ ಒಳಗಿನ ವೈರು ಅಥವಾ ಬೋರ್ಡ್ ಕೆಟ್ಟಿದೆ, ಮೆಕ್ಯಾನಿಕ್‌ಗೆ ಕೊಡಿ. ಬಟನ್ ಒತ್ತಿ ಓಡಿಸುವ ಮಾದರಿಯಾದರೆ ಆ ಬಟನ್ ಒತ್ತಿಕೊಂಡೇ ಕೂತಿದೆಯೋ ಅಂತಲೂ ನೋಡಿ. ಹಳೆ ಕಪ್ಪು ಮಷಿನಿಗೆ ಆಮೇಲೆ ಮೋಟರ್ ಕೂರಿಸಿದ್ದರೆ ಪೆಡಲ್ ವೈರ್ ಬಿಚ್ಚಲು ಬರದೇ ಇರಬಹುದು, ಆಗ ಕತ್ತರಿಸಲು ಹೋಗಬೇಡಿ.

ಓಡುವ ರೀತಿಯಲ್ಲೇ ಒಂದು ಸುಳಿವಿದೆ. ಗುಂಯ್ ಅನ್ನುತ್ತಾ ನಿಧಾನವಾಗಿ ತೆವಳುತ್ತಿದ್ದರೆ ಪೆಡಲಿನೊಳಗಿನ ಕಾಂಟ್ಯಾಕ್ಟ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಹಳೆ ಕಾಲದ ಪೆಡಲುಗಳಲ್ಲಿ ಕಾರ್ಬನ್ ಬಿಲ್ಲೆಗಳ ಸಾಲು ಇರುತ್ತದೆ, ಒತ್ತಿದಷ್ಟೂ ಅವು ಬಿಗಿಯಾಗಿ ಕರೆಂಟ್ ಜಾಸ್ತಿ ಹರಿಯುತ್ತದೆ, ಕಾಲು ತೆಗೆದಾಗ ಸಂಪರ್ಕ ಕಡಿಯಬೇಕು. ಅದರ ಬದಲು ಸ್ವಿಚ್ ಹಾಕಿದೊಡನೆ ಪೂರ್ತಿ ವೇಗದಲ್ಲಿ ಓಡಿದರೆ, ಹಳೆ ಪೆಡಲಿನಲ್ಲಿ ಕೆಪಾಸಿಟರ್ ಶಾರ್ಟ್ ಆಗಿರಬಹುದು, ಹೊಸ ಎಲೆಕ್ಟ್ರಾನಿಕ್ ಪೆಡಲಿನಲ್ಲಿ ಟ್ರಯಾಕ್ ಅನ್ನುವ ಸಣ್ಣ ಭಾಗ ಹೋಗಿರಬಹುದು. ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬದಲಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬ್ರಷ್ ಸವೆದರೆ ಮಷಿನ್ ಕಿಡಿ ಹಾರಿಸುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ, ತಾನಾಗಿ ಓಡುವುದಿಲ್ಲ.

230 ವೋಲ್ಟ್ ಹರಿಯುವ ಪೆಡಲನ್ನು ಮನೆಯಲ್ಲಿ ಬಿಚ್ಚಿ ರಿಪೇರಿ ಮಾಡುವುದಕ್ಕಿಂತ ಹೊಸದು ತರುವುದೇ ಮೇಲು ಅಂತ ನನ್ನ ಅಭಿಪ್ರಾಯ. ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಪಿನ್ನುಗಳು, ಕೆಳಗೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಮೂರೂ ಹೊಂದಬೇಕು.

ಟೇಬಲ್ ಇರುವ ಪವರ್ ಮಷಿನ್ ಕತೆ ಬೇರೆ. ಅದರಲ್ಲಿ ಕ್ಲಚ್ ಮೋಟರ್, ಅಂದರೆ ಪೆಡಲ್ ಒತ್ತಿದಾಗಷ್ಟೇ ತನ್ನ ತಿರುಗುವಿಕೆಯನ್ನು ಮಷಿನಿಗೆ ಮುಟ್ಟಿಸುವ ಮೋಟರ್, ಇದ್ದರೆ ಸ್ವಿಚ್ ಹಾಕಿದಾಗಿನಿಂದ ಮೋಟರ್ ತಿರುಗುತ್ತಲೇ ಇರುತ್ತದೆ, ಆ ಸದ್ದು ತೊಂದರೆಯಲ್ಲ. ಕಾಲಿಡದೇ ಸೂಜಿಯೂ ಕುಣಿದರೆ ಮಾತ್ರ ಕ್ಲಚ್ ಬಿಡುತ್ತಿಲ್ಲ. ಸ್ವಿಚ್ ಆರಿಸಿ, ಮೋಟರ್ ಪೂರ್ತಿ ನಿಂತ ಮೇಲೆ, ಪೆಡಲಿನಿಂದ ಮೇಲೆ ಹೋಗುವ ಸರಳು ಎಳೆದುಕೊಂಡಿದೆಯೋ, ಬೆಲ್ಟ್ ಅತಿ ಬಿಗಿಯಾಗಿದೆಯೋ ನೋಡಿ.

ಚೌಕಟ್ಟಿನ ಮೇಲೆ ತಲೆಯನ್ನೇ ಸರಿಸುತ್ತಾ ಹೊಲಿಯುವ ದೊಡ್ಡ ಕ್ವಿಲ್ಟಿಂಗ್ (ಕೌದಿ ಹೊಲಿಯುವ) ಮಷಿನ್‌ಗಳಲ್ಲಿ, ಸರಿಸದಿದ್ದಾಗಲೂ ಸೂಜಿ ನಿಧಾನಕ್ಕೆ ನಡೆಯುತ್ತಲೇ ಇರುವ ಒಂದು ಸೆಟ್ಟಿಂಗ್ ಇರುತ್ತದೆ. ಕೆಟ್ಟಿದೆ ಅಂತ ಕೂಗುವ ಮೊದಲು ಪರದೆಯಲ್ಲಿ ಯಾವ ಮೋಡ್ ಇದೆ ಅಂತ ನೋಡಿಕೊಳ್ಳಿ.

ನಮ್ಮ ಮನೆಯದ್ದು ಕೊನೆಗೆ ತುಕ್ಕು ಹಿಡಿದ ಸ್ಪ್ರಿಂಗ್ ಕಿತಾಪತಿ ಅಂತ ಗೊತ್ತಾಯಿತು. ಹೊಸ ಪೆಡಲ್ ಬಂದಿದೆ. ಈಗ ಹೊಲಿಗೆ ಮುಗಿದ ಮೇಲೆ ಅತ್ತಿಗೆ ಅದನ್ನು ನೆಲದಿಂದೆತ್ತಿ ಮೇಜಿನ ಮೇಲೆ ಇಡುತ್ತಾರೆ. ಕರೆಂಟ್ ಹೋದರಂತೂ ಮೊಂಬತ್ತಿ ಹುಡುಕುವುದಕ್ಕೂ ಮೊದಲು ಮಷಿನ್ ಪ್ಲಗ್ ಕೀಳುತ್ತಾರೆ.