ಜೇನು ಸಾಕಿದವರ ಮಗಳ ಸಿನಿಮಾಗಳನ್ನು ಜಗುಲಿಯಲ್ಲಿ ತೋರಿಸುವ ಕ್ರಮ

ಇಟಲಿಯ ನಿರ್ದೇಶಕಿ ಅಲೀಚೆ ರೋರ್ವಾಕರ್ ಅವರ ಸಿನಿಮಾಗಳನ್ನು ಊರಿನವರಿಗೆ ತೋರಿಸುವ ಮನಸ್ಸಿದ್ದರೆ ಪ್ರಶಸ್ತಿಗಳ ಪಟ್ಟಿಯಿಂದ ಶುರು ಮಾಡಬೇಡಿ. ಫ್ರಾನ್ಸಿನ ‘ಕಾನ್ ಚಿತ್ರೋತ್ಸವ’ ಎಂದರೆ ನಮ್ಮ ಶಿರಸಿ ಕಡೆಯ ಹಿರಿಯರು ಮರ್ಯಾದೆಗೆ ಹತ್ತು ನಿಮಿಷ ಕುಳಿತು, ಆಮೇಲೆ ಎಲೆಯಡಿಕೆ ಕವಳದ ನೆಪದಲ್ಲಿ ಎದ್ದುಹೋಗುತ್ತಾರೆ. ‘ಇವರ ಅಪ್ಪ ಜೇನು ಸಾಕುವವರು’ ಎಂದು ಹೇಳಿ ನೋಡಿ, ಕವಳದ ತಬಕು ಜಗುಲಿಗೇ ಬರುತ್ತದೆ.

ಮಳೆಗಾಲದಲ್ಲಿ ತೋರಿಸುವುದಾದರೆ ತಗಡಿನ ಮಾಡಿನ ಕೆಳಗೆ ಬೇಡ, ಒಂದು ಮಾತೂ ಕೇಳಿಸುವುದಿಲ್ಲ. ಹೆಂಚಿನ ಮನೆಯ ಜಗುಲಿ, ಪರದೆಗೆ ಬಿಳಿ ಪಂಚೆ, ಇನ್ವರ್ಟರ್ ಇದ್ದರೆ ಸಾಕು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಪ್ರಯತ್ನಿಸುವುದೇ ಬೇಡ, ರಾತ್ರಿಯಿಡೀ ಅಡಿಕೆ ಸುಲಿಯುವವರನ್ನು ಯಾವ ಸಿನಿಮಾವೂ ಎಬ್ಬಿಸಿ ತರುವುದಿಲ್ಲ. ಮನೆಯವರು, ನೆಂಟರು ಸೇರಿ ನೋಡುವುದು ಬೇರೆ; ಶಾಲೆಯಲ್ಲೋ ಸಂಘದಲ್ಲೋ ತೋರಿಸುವುದಾದರೆ ಹಕ್ಕುದಾರರ ಅನುಮತಿ ಕೇಳಿ ಪಡೆಯಿರಿ.

ಇವರ ಕಥಾಚಿತ್ರಗಳು ನಾಲ್ಕು: 2011, 2014, 2018 ಮತ್ತು 2023ರವು. ಹನ್ನೆರಡು ವರ್ಷದಲ್ಲಿ ನಾಲ್ಕೇ. ನಾಲ್ಕಕ್ಕೂ ಛಾಯಾಗ್ರಾಹಕಿ ಫ್ರಾನ್ಸಿನ ಎಲೆನ್ ಲೂವಾರ್, ನಾಲ್ಕನ್ನೂ ಚಿತ್ರೀಕರಿಸಿದ್ದು ಫಿಲಂ ರೀಲಿನಲ್ಲಿ. ಅಕ್ಕ ಆಲ್ಬಾ ಮೂರರಲ್ಲಿ ನಟಿಸಿದ್ದಾರೆ. ವರ್ಷದ ಕ್ರಮದಲ್ಲಿ ತೋರಿಸಬೇಕೆಂಬ ಹಟ ನನಗಿಲ್ಲ. ಎರಡನೆಯದರಿಂದ ಶುರು ಮಾಡಿ.

ಅದು ‘ಲೆ ಮೆರವಿಲ್ಯೆ’. ಹಳ್ಳಿಯ ಹಳೇ ಮನೆ, ಜೇನು ಸಾಕುವ ಸಂಸಾರ, ನಾಲ್ವರು ಹೆಣ್ಣುಮಕ್ಕಳು, ಮುಂಗೋಪಿ ಅಪ್ಪ. ಇಂಗ್ಲಿಷ್ ಸಬ್‌ಟೈಟಲ್ ಓದಲಾರದವರು ಇದ್ದೇ ಇರುತ್ತಾರೆ. ಪ್ರತಿ ಸಾಲನ್ನೂ ಕನ್ನಡಕ್ಕೆ ತಂದು ಕೂಗುವ ಉತ್ಸಾಹಿಯನ್ನು ಹೊರಗಿಡಿ. ದೊಡ್ಡ ಮಗಳು ಜೆಲ್ಸೊಮಿನಾಳೇ ಕೆಲಸದ ಯಜಮಾನಿ, ಜೇನು ಸಾಕುವವರ ಕಷ್ಟ ನಿಮಗೆ ಗೊತ್ತಿದ್ದದ್ದೇ ಎಂದು ಮೊದಲೇ ನಾಲ್ಕು ಮಾತು ಹೇಳಿ ಬಿಟ್ಟುಬಿಡಿ. ಆ ಮನೆಯವರೇ ಇಟಾಲಿಯನ್, ಜರ್ಮನ್, ಫ್ರೆಂಚ್ ಕಲಸಿ ಮಾತನಾಡುತ್ತಾರೆ. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಕೊಂಕಣಿ ಎಂದು ಬೆಳೆದ ನಮಗೆ ಅದರಲ್ಲಿ ಅಚ್ಚರಿಯೇನಿಲ್ಲ.

ತಪ್ಪದೇ ಗಮನಿಸಬೇಕಾದದ್ದು ಬಕೆಟ್. ಜೇನುತುಪ್ಪ ತೆಗೆಯುವ ಯಂತ್ರದ ಕೊಳವೆಯ ಕೆಳಗೆ ಅದು ಇರುತ್ತದೆ, ತುಂಬುವ ಮೊದಲು ಬದಲಿಸಬೇಕು. ತಂಗಿಯ ಕೈ ಯಂತ್ರಕ್ಕೆ ಸಿಕ್ಕಿ ಗಾಯವಾಗುತ್ತದೆ, ಮಕ್ಕಳು ಆಸ್ಪತ್ರೆಗೆ ಓಡುತ್ತಾರೆ, ಬಕೆಟ್ ಮರೆತೇಹೋಗುತ್ತದೆ. ಮರಳಿ ಬಂದಾಗ ನೆಲದ ತುಂಬ ತುಪ್ಪ. ನಮ್ಮ ಜಗುಲಿಯಲ್ಲಿ ಗಾಯಕ್ಕೆ ‘ಅಯ್ಯೋ’ ಎಂದವರಿಗಿಂತ ‘ಬಕೆಟ್, ಬಕೆಟ್’ ಎಂದು ಕೂಗಿದವರೇ ಹೆಚ್ಚು. ಆಯಿಯಂತೂ ಎದ್ದೇ ನಿಂತಿದ್ದಳು. ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಒಂದು ಹನಿ ತುಪ್ಪದ ಬೆಲೆ ಗೊತ್ತು. 1990ರ ದಶಕದ ಆರಂಭದಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆಗಳು ಖಾಲಿಯಾದದ್ದನ್ನು ಕಂಡವರು ಇನ್ನೂ ಇದ್ದಾರೆ. ಈ ಚಿತ್ರಕ್ಕೆ ಕಾನ್‌ನಲ್ಲಿ ಎರಡನೇ ದೊಡ್ಡ ಪ್ರಶಸ್ತಿ ಗ್ರಾಂ ಪ್ರಿ ಬಂದದ್ದನ್ನು ಮುಗಿದ ಮೇಲೆ ಹೇಳಿ. ಆಗ ‘ಬರಲೇಬೇಕು’ ಎನ್ನುತ್ತಾರೆ.

ಎರಡನೇ ಸಂಜೆ ‘ಲಾಝರೊ ಫೆಲೀಚೆ’. ಇದಕ್ಕೆ ನಮ್ಮಲ್ಲಿ ‘ಗೇಣಿ’ ಎಂದರೆ ಮುಗಿಯಿತು, ಬೇರೆ ಪೀಠಿಕೆ ಬೇಡ. ಇಟಲಿಯಲ್ಲಿ ಪಾಲುಗೇಣಿಗೆ 1982ರ ಕಾನೂನು ಕೊನೆ ಹಾಡಿತು. ಚಿತ್ರದ ತಂಬಾಕಿನ ಒಡತಿ ಗೇಣಿ ಪದ್ಧತಿ ಹೋದ ಸುದ್ದಿಯನ್ನೇ ಆಳುಗಳಿಂದ ಮುಚ್ಚಿಟ್ಟು ದುಡಿಸುತ್ತಾಳೆ. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ತಮಗೆ ಬರಬೇಕೆಂದು ಡಿಕ್ಲರೇಶನ್ ಕೊಟ್ಟವರೂ ಗದ್ದೆ ಕಳೆದುಕೊಂಡವರೂ ಒಂದೇ ಜಗುಲಿಯಲ್ಲಿ ಕುಳಿತಿರುತ್ತಾರೆ ಎಂಬುದು ನೆನಪಿರಲಿ. ಮಾತು ಬಿಸಿಯಾಗುತ್ತದೆ, ಆಗಲಿ. ನಡುವೆ ಒಂದು ಕಡೆ ಲಾಝರೊ ಬಂಡೆಯ ಮೇಲಿಂದ ಬಿದ್ದು, ಎಷ್ಟೋ ವರ್ಷದ ಮೇಲೆ ಏಳುತ್ತಾನೆ. ಉಳಿದವರಿಗೆ ವಯಸ್ಸಾಗಿದೆ, ಅವನಿಗಿಲ್ಲ. ಅಲ್ಲಿ ನಿಲ್ಲಿಸಿ ಚಹಾ ಕೊಡಿ, ಇಲ್ಲದಿದ್ದರೆ ‘ಇವನು ಅವನೇನಾ?’ ಎಂಬ ಪ್ರಶ್ನೆ ಕೊನೆಯವರೆಗೂ ಬಿಡುವುದಿಲ್ಲ. ಮಾರ್ಕಂಡೇಯನ ಹಾಗೆ ಅವನಿಗೆ ಯಾವಾಗಲೂ ಹದಿನಾರು ಎಂದರೆ ಪಕ್ಕದ ಮನೆಯ ಭಾವ ಕೂಡ ತಕರಾರು ಮಾಡಲಿಲ್ಲ. ಕಾನ್‌ನಲ್ಲಿ ಇದಕ್ಕೆ ಚಿತ್ರಕಥೆಯ ಪ್ರಶಸ್ತಿ ಬಂದಿತು. ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ದೊಡ್ಡದು.

ಮೂರನೆಯದು ‘ಲಾ ಕಿಮೆರಾ’. ಬಾವಿ ತೋಡುವ ಮೊದಲು ಕವಲು ಕಡ್ಡಿ ಹಿಡಿದು ನೀರು ನೋಡುವವರು ನಿಮ್ಮೂರಲ್ಲಿದ್ದರೆ ಅವರನ್ನು ಮರೆಯದೆ ಕರೆಯಿರಿ. ಇದರ ನಾಯಕ ಆರ್ಥರ್ ಅಂಥದ್ದೇ ಕಡ್ಡಿ ಹಿಡಿದು ಹುಡುಕುವುದು ನೀರನ್ನಲ್ಲ, ಇಟಲಿಯ ಪ್ರಾಚೀನ ಎಟ್ರಸ್ಕನ್ ಜನರ, ಎರಡು ಸಾವಿರ ವರ್ಷಕ್ಕೂ ಹಳೆಯ ಗೋರಿಗಳನ್ನು. ಜೊತೆಗಾರರು ನಿಧಿಗಳ್ಳರು. ಬನವಾಸಿಯ ಆಸುಪಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗಂಟೆಗೂ ಹೆಚ್ಚು ಉದ್ದವಿದೆ, ದೂರದವರಿಗೆ ಕೊನೆಯ ಬಸ್ ತಪ್ಪದಂತೆ ಬೇಗ ಹಚ್ಚಿ.

ಮೊದಲ ಚಿತ್ರ ‘ಕೊರ್ಪೊ ಚೆಲೆಸ್ತೆ’ಯನ್ನು ಕೊನೆಗಿಡಿ. ಸ್ವಿಟ್ಜರ್ಲೆಂಡಿನಿಂದ ದಕ್ಷಿಣ ಇಟಲಿಯ ರೆಜ್ಜೊ ಕಲಾಬ್ರಿಯಾಕ್ಕೆ ಮರಳಿದ ಹದಿಮೂರರ ಹುಡುಗಿ, ಚರ್ಚಿನ ಪಾಠ, ರಾಜಕೀಯದಲ್ಲಿ ಮುಳುಗಿದ ಪಾದ್ರಿ. ಈ ಹೊತ್ತಿಗೆ ಉಳಿದವರು ಐದಾರು ಮಂದಿಯಾದರೂ ಅವರಿಗೆ ಕಣ್ಣು ಪಳಗಿರುತ್ತದೆ. ಬೆಕ್ಕಿನ ಮರಿಗಳನ್ನು ಎಸೆಯುವ ದೃಶ್ಯವಿದೆ, ಚಿಕ್ಕ ಮಕ್ಕಳನ್ನು ಕೂರಿಸಬೇಡಿ.

ಮಕ್ಕಳಿಗೆಂದೇ 2022ರ ಕಿರುಚಿತ್ರ ‘ಲೆ ಪುಪಿಲ್ಲೆ’ ಇದೆ, ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು. ಯುದ್ಧಕಾಲದ ಅನಾಥಾಲಯಕ್ಕೆ ಕ್ರಿಸ್‌ಮಸ್ ದಿನ ಒಂದು ಕೆಂಪು ಕೇಕ್ ಬರುತ್ತದೆ. ಎಪ್ಪತ್ತು ಮೊಟ್ಟೆಯ ಕೇಕ್ ಅದು. ಮೊಟ್ಟೆ ಒಳಗೆ ಬಾರದ ಮನೆಗಳಲ್ಲಿ ಆ ಅಂಕಿ ಕೇಳಿದ ಕೂಡಲೇ ಗದ್ದಲವಾಗುತ್ತದೆ. ಗದ್ದಲ ತಣಿಯಲು ಎರಡು ನಿಮಿಷ ಬಿಟ್ಟು ಮುಂದಕ್ಕೆ ಓಡಿಸಿ.