ಅಕ್ಷರಕ್ಕಿಂತ ಮೊದಲು ಬಡ್ಡಿ ಲೆಕ್ಕ: ಸಂಜೆ ಶಾಲೆ ನಡೆಸಿದ ನನ್ನ ಅನುಭವ

ಹಳ್ಳಿಯಲ್ಲಿ ದೊಡ್ಡವರಿಗೆ ಓದು ಬರಹ ಕಲಿಸಲು ಹೋದವರಿಗೆ ಮೊದಲ ತಿಂಗಳ ಸಂಭ್ರಮವೂ ಗೊತ್ತು, ಮೂರನೇ ತಿಂಗಳ ಖಾಲಿ ಚಾಪೆಯೂ ಗೊತ್ತು. ನಮ್ಮ ಸಂಜೆ ಶಾಲೆ ಐದಾರು ವರ್ಷದಿಂದ ನಡೆಯುತ್ತಿದೆ. ಈಗ ಹೊರಗಿನ ದುಡ್ಡು ಇಲ್ಲವೇ ಇಲ್ಲ. "ಬಡವರ ಹತ್ತಿರ ಖರ್ಚು ಕೇಳಿದರೆ ನಾಳೆಯಿಂದ ಯಾರೂ ಬರಲ್ಲ" ಎಂದವರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಶುರುವಿನಲ್ಲಿ ಒಂದು ಸಂಸ್ಥೆ ದೀಪ, ಪುಸ್ತಕ, ಕಲಿಸುವವರ ಗೌರವಧನ ಎಲ್ಲ ಕೊಡುತ್ತಿತ್ತು. ಯೋಜನೆಯ ಅವಧಿ ಮುಗಿಯಿತು, ಹಣ ನಿಂತಿತು, ಎರಡು ತಿಂಗಳೊಳಗೆ ತರಗತಿಯೂ ನಿಂತಿತು. ಹಳೆಯ ಲೆಕ್ಕ ತೆಗೆದು ನೋಡಿದೆ. ಖರ್ಚಿನ ಮುಕ್ಕಾಲು ಪಾಲು ಹೊರಗಿನಿಂದ ಬರುವವರ ಗೌರವಧನಕ್ಕೆ, ಓಡಾಟಕ್ಕೆ ಹೋಗಿತ್ತು. ಸೀಮೆಸುಣ್ಣ, ಸ್ಲೇಟು, ದೀಪಕ್ಕೆ ಉಳಿದ ಕಾಲು. ಅಂದರೆ ಶಾಲೆ ದುಬಾರಿ ಅಲ್ಲ, ದೂರ ದುಬಾರಿ. ಆಮೇಲೆ ಊರಿನವರೇ ಆದ, ಏಳೆಂಟನೇ ತರಗತಿ ಓದಿ ಬಿಟ್ಟಿದ್ದ ಇಬ್ಬರನ್ನು ಕಲಿಸಲು ಕೂರಿಸಿದೆ. ಓಡಾಟದ ಖರ್ಚು ಸೊನ್ನೆಯಾಯಿತು. ಕಲಿಯುವವರಿಗಿಂತ ಎರಡು ಹೆಜ್ಜೆ ಮುಂದಿರುವವರೇ ಚೆನ್ನಾಗಿ ಕಲಿಸುತ್ತಾರೆ ಅನ್ನುವುದು ನಾನು ಕಣ್ಣಾರೆ ಕಂಡದ್ದು.

ಎರಡನೇ ಸಲ ಶಾಲೆ ಶುರುಮಾಡಿದಾಗ ಪುಸ್ತಕ ಮುಟ್ಟಲೇ ಇಲ್ಲ. ಮೊದಲು ಉಳಿತಾಯದ ಗುಂಪು ಕಟ್ಟಿದೆವು. ಸುಮಾರು 20 ಹೆಂಗಸರು, ವಾರಕ್ಕೊಂದು ಸಭೆ, ಒಬ್ಬೊಬ್ಬರು 1ರಿಂದ 5 ಪಾಲು ಹಾಕಬಹುದು. ಪಾಲು ಅಂದರೆ ಗುಂಪು ಮೊದಲೇ ಗೊತ್ತುಮಾಡಿದ ಒಂದು ಮೊತ್ತ. ಕೂಡಿದ ದುಡ್ಡಿನಿಂದ ಗುಂಪಿನವರಿಗೇ ಸಾಲ. ಮೂರು ಬೀಗದ ಪೆಟ್ಟಿಗೆ, ಮೂವರ ಹತ್ತಿರ ಕೀ. ಕೇರ್ ಎಂಬ ಅಂತರರಾಷ್ಟ್ರೀಯ ನೆರವಿನ ಸಂಸ್ಥೆ 1991ರಲ್ಲಿ ಆಫ್ರಿಕಾದ ನೈಜರ್ ದೇಶದ ಹಳ್ಳಿಗಳಲ್ಲಿ ಶುರುಮಾಡಿದ ಗುಂಪುಗಳ ಪದ್ಧತಿಯಲ್ಲೇ ನಮ್ಮದೂ ನಡೆಯುತ್ತದೆ. ಈ ಪದ್ಧತಿಯಲ್ಲಿ ಓದು ಬಾರದವರ ಉಳಿತಾಯದ ಪುಸ್ತಕದಲ್ಲಿ ಪಾಲಿಗೊಂದು ಮುದ್ರೆ ಒತ್ತುತ್ತಾರೆ. ನಾವೂ ಮುದ್ರೆಯಿಂದಲೇ ಶುರುಮಾಡಿ, ನಿಧಾನಕ್ಕೆ ಮುದ್ರೆಯ ಪಕ್ಕದಲ್ಲಿ ಅಂಕಿ ಬರೆಸಿದೆವು. ತಮ್ಮ ದುಡ್ಡಿನ ಅಂಕಿ ಅಲ್ವಾ, ಬೇಗ ಕಲಿತರು.

ತರಗತಿ ನಿಜವಾಗಿ ಹಿಡಿದದ್ದು ಕಡ್ಡಿ ಲೆಕ್ಕದ ದಿನ. ಹತ್ತು ಕಡ್ಡಿಯ ಹತ್ತು ಕಟ್ಟು ಇಟ್ಟೆ. ಇದು 100 ಸಾಲ. ಸಾಹುಕಾರನ ಬಡ್ಡಿ ತಿಂಗಳಿಗೆ ನೂರಕ್ಕೆ 10. ತಿಂಗಳಿಗೊಂದು ಕಟ್ಟು ಅವನ ಕಡೆ ಸರಿಸಿ ಎಂದೆ. ಹತ್ತನೇ ತಿಂಗಳಿಗೆ ಕಟ್ಟೆಲ್ಲ ಆಚೆ ಹೋಯಿತು. "ಹಾಗಾದ್ರೆ ಸಾಲ ತೀರಿತಾ?" ಎಂದು ಕೇಳಿದೆ. ಇಲ್ಲ, 100 ಹಾಗೇ ಇದೆ. ಯಾರೂ ಮಾತಾಡಲಿಲ್ಲ. ಆಮೇಲೆ ಗುಂಪಿನ ಬಡ್ಡಿ ಸರಿಸಿದೆವು, ತಿಂಗಳಿಗೆ 2. ಹತ್ತು ತಿಂಗಳಿಗೆ ಎರಡೇ ಕಟ್ಟು, ಅದರಲ್ಲೂ ಹೆಚ್ಚಿನದು ವರ್ಷದ ಕೊನೆಗೆ ಪಾಲಿನ ಜೊತೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಮುಂದಿನ ವಾರದಿಂದ ಕರೆಯದೇ ಬಂದರು. ಗುಂಡಿ ತೋಡಿ ಬಾವಿಯ ಸೆಲೆ ಸಿಕ್ಕ ಹಾಗಾಯಿತು.

ಶಾಲೆಯ ಖರ್ಚೂ ಈ ಬಡ್ಡಿಯಿಂದಲೇ. ಬಂದ ಬಡ್ಡಿಯಲ್ಲಿ ನೂರಕ್ಕೆ ಸುಮಾರು 15 ಶಾಲೆಗೆ. ಮೊದಲ ವರ್ಷ ಸಾಲಲಿಲ್ಲ, ಕಲಿಸುವವರಿಗೆ ಅರ್ಧವೇ ಕೊಟ್ಟೆವು. ಎರಡನೇ ವರ್ಷ ಸರಿಹೋಯಿತು. ಮೂರನೇ ವರ್ಷ ಉಳಿಯಿತು ಕೂಡ. ತಾವೇ ಕೊಟ್ಟ ದುಡ್ಡಾದ್ದರಿಂದ ಕಲಿಸುವವರು ತಡವಾಗಿ ಬಂದರೆ ಹೆಂಗಸರೇ ಕೇಳುತ್ತಾರೆ. ಪುಕ್ಕಟೆ ಶಾಲೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ.

ದೀಪದ ಕತೆ ಬೇರೆ. ಸೋಲಾರ್ ದೀಪಗಳನ್ನು ರಾತ್ರಿ ಬಾಡಿಗೆಗೆ ಕೊಟ್ಟು ಆದಾಯ ಮಾಡೋಣ ಎಂದುಕೊಂಡೆವು. ಜನ ಪೂರ್ತಿ ಆರುವವರೆಗೂ ಉರಿಸುತ್ತಿದ್ದರು. ಸೀಸದ ಬ್ಯಾಟರಿ ಹಾಗೆ ಪದೇ ಪದೇ ಖಾಲಿಯಾದರೆ ಬಾಳಿಕೆ ಬರುವುದಿಲ್ಲ. ಎರಡು ವರ್ಷ ತುಂಬುವ ಮೊದಲೇ ಹೆಚ್ಚಿನವು ಸತ್ತವು. ಬಂದ ಬಾಡಿಗೆ ಹೊಸ ಬ್ಯಾಟರಿಗೂ ಸಾಲಲಿಲ್ಲ. ಈಗ ತರಗತಿಗೆ ಮಾತ್ರ ದೀಪ, ಬಾಡಿಗೆ ಇಲ್ಲ, ಬ್ಯಾಟರಿಗೆ ಪ್ರತಿ ತಿಂಗಳು ಪೆಟ್ಟಿಗೆಯಲ್ಲಿ ಬೇರೆ ಗಂಟು.

ಗೆದ್ದದ್ದು ಬೀಜದ ಪಾಠ. ಶೇಕಡಾ ಕಲಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮನೆಯ ಬೀಜ 100 ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ವಾರ ಒಣಗದಂತೆ ನೋಡಿಕೊಂಡು ಮೊಳಕೆ ಎಣಿಸುವುದು. 70 ಮೊಳೆತರೆ 100 ಗಿಡಕ್ಕೆ ಎಷ್ಟು ಬೀಜ ಬೇಕು? ಹತ್ತಿರ ಹತ್ತಿರ 143. ಈ ಲೆಕ್ಕ ಬಂದ ಮೇಲೆ ಕೆಲವರು ಕೆಟ್ಟ ಬೀಜವನ್ನು ಬಿತ್ತುವ ಮೊದಲೇ ಬದಲಾಯಿಸಿದರು. ಮಳೆಯ ಲೆಕ್ಕವೂ ಹೀಗೇ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 30 ಚದರ ಮೀಟರಿನ ಛಾವಣಿಗೆ 20 ಮಿಲಿಮೀಟರ್ ಬಿದ್ದರೆ 600 ಲೀಟರ್. ಕೈಗೆ ಅಷ್ಟೂ ಸಿಗುವುದಿಲ್ಲ, ಆದರೂ ಗುಣಾಕಾರ ಯಾಕೆ ಬೇಕು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಅಕ್ಷರ ಬಂದದ್ದು ಇದರ ಹಿಂದೆ. ತಮ್ಮ ಹೆಸರು, ಸಾಲದ ಕಾರಣ, ಬೀಜದ ಹೆಸರು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೋ ಫ್ರೇರಿ 1963ರಲ್ಲಿ ಅಲ್ಲಿನ ಅಂಜಿಕೋಸ್ ಎಂಬ ಊರಿನಲ್ಲಿ ದೊಡ್ಡವರಿಗೆ ಅವರ ಬದುಕಿನ ಮಾತುಗಳಿಂದಲೇ ಓದು ಕಲಿಸಿದ್ದರು. ನಾನು ಅಂಥ ಹತ್ತು ಮಾತುಗಳನ್ನು ಸಾಲದ ಪುಸ್ತಕದಿಂದ ಆರಿಸಿದೆ. ಯಾವ ಹತ್ತು ಮಾತು, ಯಾವ ಕ್ರಮ ಎಂದು ಸದ್ಯಕ್ಕೆ ಹೇಳುವುದಿಲ್ಲ, ಇನ್ನೆರಡು ಊರಿನಲ್ಲಿ ನೋಡಬೇಕು.

ವರ್ಷದ ಕೊನೆಗೆ ಪೆಟ್ಟಿಗೆ ತೆಗೆದು ಹಂಚುವ ದಿನವೇ ನಮ್ಮ ಪರೀಕ್ಷೆ. ಒಟ್ಟು ಹಣವನ್ನು ಒಟ್ಟು ಪಾಲಿನಿಂದ ಭಾಗಿಸಿ, ತನಗೆಷ್ಟು ಎಂದು ಪ್ರತಿಯೊಬ್ಬರೂ ಮೊದಲೇ ಬರೆದಿಡಬೇಕು. ಕಳೆದ ಸಲ ಮೂರರಲ್ಲಿ ಎರಡು ಪಾಲು ಜನ ಸರಿಯಾಗಿ ಬರೆದಿದ್ದರು. ಪದವಿ ಓದಿದವರೂ ಇಷ್ಟು ಚುರುಕಾಗಿ ಮಾಡುವುದನ್ನು ನಾನು ನೋಡಿಲ್ಲ.

ಶುರುಮಾಡುವವರಿಗೆ ಒಂದು ಮಾತು: ಸುಗ್ಗಿ ಮುಗಿದು ಎರಡು ಮೂರು ವಾರಕ್ಕೆ ಗುಂಪು ಕಟ್ಟಿ. ಆಗ ಕೈಯಲ್ಲಿ ಒಂದಿಷ್ಟು ದುಡ್ಡಿರುತ್ತದೆ, ಸಂಜೆ ಬಿಡುವೂ ಇರುತ್ತದೆ. ಬಿತ್ತನೆ ತಿಂಗಳಲ್ಲಿ ಹೊಸ ಪಾಠ ಬೇಡ. ವಾರದ ಸಭೆ ಮಾತ್ರ ತಪ್ಪಿಸಬೇಡಿ.